ಸರ್ಕಾರಿ ಆಸ್ಪತ್ರೆಯ ಸ್ವಚ್ಛತೆಯನ್ನು ಅಳೆಯುವುದು ಹೇಗೆ?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಿಗೆ ಜನರ ಜೊತೆಗೇ ಕೆಸರೂ ಒಳಗೆ ಬರುತ್ತದೆ. ಕಾಫಿ ತೋಟದಿಂದ ನೇರವಾಗಿ ಬಂದವರ ಕಾಲಿನ ಮಣ್ಣು, ಗೋಡೆಗೆ ಒರಗಿಸಿಟ್ಟ ಕೊಡೆಗಳಿಂದ ಇಳಿಯುವ ನೀರು, ಎಲ್ಲ ಸೇರಿ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೊರರೋಗಿ ವಿಭಾಗದ ನೆಲ ಕೆಂಪಗಾಗಿರುತ್ತದೆ. ಆ ಹೊತ್ತಿಗೆ ಬಂದವರು ‘ಇದೂ ಒಂದು ಆಸ್ಪತ್ರೆಯೇ’ ಎಂದು ಮುಖ ಸಿಂಡರಿಸುತ್ತಾರೆ. ಮಧ್ಯಾಹ್ನ ಫಿನಾಯಿಲ್ ಹಾಕಿ ಒರೆಸಿದ ಮೇಲೆ ಬಂದವರು ‘ಪರವಾಗಿಲ್ಲ, ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ’ ಎನ್ನುತ್ತಾರೆ.

ಎರಡೂ ಕಣ್ಣು, ಮೂಗು ಕೊಟ್ಟ ತೀರ್ಪುಗಳು. ಆಸ್ಪತ್ರೆಯ ಸ್ವಚ್ಛತೆ ಮಾತ್ರ ಕಣ್ಣಿಗೂ ಮೂಗಿಗೂ ಪೂರ್ತಿ ಸಿಗುವಂಥದ್ದಲ್ಲ. ಒಬ್ಬ ರೋಗಿಯ ಮೈಯಲ್ಲಿರುವ ರೋಗಾಣು ಮತ್ತೊಬ್ಬನ ಗಾಯಕ್ಕೋ, ರಕ್ತಕ್ಕೋ, ಶ್ವಾಸಕೋಶಕ್ಕೋ ತಲುಪುವ ದಾರಿಯನ್ನು ಎಲ್ಲೆಲ್ಲಿ ಕಡಿದಿದ್ದಾರೆ ಎಂಬುದೇ ಅಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ. ಹೊರರೋಗಿ ವಿಭಾಗದ ನೆಲದ ಕೆಸರು ನೋಡಲು ಅಸಹ್ಯವಾಗಿರಬಹುದು, ಕಾಲು ಜಾರಿಸಬಹುದು. ಆದರೆ ಯಾರ ಗಾಯವನ್ನೂ ಅದು ನೇರವಾಗಿ ಮುಟ್ಟುವುದಿಲ್ಲ. ನೋಡಲು ಶುಭ್ರವಾಗಿಯೇ ಇರುವ, ಒಬ್ಬರಿಂದ ಒಬ್ಬರಿಗೆ ತೊಳೆಯದೆ ಸಾಗುವ ಒಂದು ಕೈ ಅದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ. ಸ್ವಚ್ಛತೆಯ ಮಾನದಂಡಗಳಲ್ಲಿ ಬರುವ, ಮೇಲ್ನೋಟಕ್ಕೆ ಕಿರಿಕಿರಿ ಎನಿಸುವ ಸಣ್ಣ ಸಣ್ಣ ನಿಯಮಗಳೆಲ್ಲ ಅರ್ಥವಾಗುವುದು ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡಾಗ ಮಾತ್ರ.

ರೋಗಿ ದಾಖಲಾಗುವಾಗ ಇಲ್ಲದಿದ್ದ, ದಾಖಲಾಗಿ ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ಸೋಂಕನ್ನು ಆಸ್ಪತ್ರೆಯಲ್ಲಿ ತಗುಲಿದ ಸೋಂಕು ಎಂದು ಪರಿಗಣಿಸುತ್ತಾರೆ. ಮೂತ್ರದ ನಳಿಕೆಯಿಂದ ಬರುವ ಸೋಂಕು, ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವುದು, ಕೃತಕ ಉಸಿರಾಟದ ಯಂತ್ರದಲ್ಲಿರುವವರಿಗೆ ಬರುವ ನ್ಯುಮೋನಿಯಾ, ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತಕ್ಕೆ ಹರಡುವ ನಂಜು, ಇವು ಅದರ ಮುಖ್ಯ ರೂಪಗಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತುರ್ತು ಸ್ವರೂಪದ ಕಾಯಿಲೆಗಳಿಗೆ ಒಳರೋಗಿಗಳಾಗಿ ಸೇರುವ 100 ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಇಂಥ ಒಂದಾದರೂ ಸೋಂಕು ತಗಲುತ್ತದೆ. ಆಸ್ಪತ್ರೆಯಲ್ಲೇ ಬೀಡುಬಿಟ್ಟ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ರೋಗಾಣುಗಳು ಹಲವು ಪ್ರತಿಜೀವಕಗಳಿಗೆ ಬಗ್ಗದಷ್ಟು ಪಳಗಿರುವುದರಿಂದ, ಇಲ್ಲಿ ತಗುಲಿದ ಸೋಂಕನ್ನು ಔಷಧಿ ಕೊಟ್ಟು ವಾಸಿ ಮಾಡುವುದು ಊರಿನಲ್ಲಿ ತಗುಲಿದ ಸೋಂಕನ್ನು ವಾಸಿ ಮಾಡಿದಷ್ಟು ಸುಲಭವಲ್ಲ.

ಕೈಯೇ ಈ ರೋಗಾಣುಗಳ ಮುಖ್ಯ ವಾಹನ ಎಂಬುದು ಸೂಕ್ಷ್ಮಾಣುಗಳ ವಿಷಯ ಗೊತ್ತಾಗುವ ಮೊದಲೇ ಗೊತ್ತಾಗಿತ್ತು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಶೇಕಡ 10ರ ಆಸುಪಾಸಿನಲ್ಲಿದ್ದರೆ, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿನ ವೈದ್ಯ ಇಗ್ನಾಸ್ ಸೆಮ್ಮೆಲ್‌ವೈಸ್ ಇದಕ್ಕೆ ಕಾರಣ ಹುಡುಕುತ್ತಿದ್ದಾಗ, 1847ರಲ್ಲಿ ಅವರ ಸ್ನೇಹಿತರಾದ ವೈದ್ಯರೊಬ್ಬರು ಶವಪರೀಕ್ಷೆಯ ವೇಳೆ ಚಾಕು ತಾಗಿ, ಬಾಣಂತಿಯರಂತೆಯೇ ನಂಜೇರಿ ತೀರಿಕೊಂಡರು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದ ವೈದ್ಯರ ಕೈಗಳೇ ನಂಜನ್ನು ಹೊತ್ತು ತರುತ್ತಿವೆ ಎಂದು ಸೆಮ್ಮೆಲ್‌ವೈಸ್ ಆಗ ಗ್ರಹಿಸಿದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಅದೇ ವರ್ಷ ಕಡ್ಡಾಯ ಮಾಡಿದ ಮೇಲೆ, ಮರುವರ್ಷದ ಹೊತ್ತಿಗೆ ಸಾವಿನ ಪ್ರಮಾಣ ಶೇಕಡ 1ರ ಆಸುಪಾಸಿಗೆ ಇಳಿಯಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಬ್ಲೀಚಿಂಗ್ ಪುಡಿ ಹೆಚ್ಚುಕಡಿಮೆ ಆ ಕ್ಲೋರಿನ್ ಸುಣ್ಣವೇ.

ಕೈ ತೊಳೆಯಬೇಕಾದ ಐದು ಹೊತ್ತುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಚುಚ್ಚುವಂಥ ಅಥವಾ ಗಾಯ ಕಟ್ಟುವಂಥ ಶುದ್ಧ ಕೆಲಸದ ಮೊದಲು, ರಕ್ತ, ಕೀವು, ಮೂತ್ರದಂಥವು ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಮತ್ತು ರೋಗಿಯ ಸುತ್ತಲಿನ ಮಂಚ, ಹಾಸಿಗೆ, ಡ್ರಿಪ್ ಸ್ಟ್ಯಾಂಡುಗಳನ್ನು ಮುಟ್ಟಿದ ಮೇಲೆ. ಎಲ್ಲರೂ ಮರೆಯುವುದು ಈ ಕೊನೆಯದನ್ನು. ರೋಗಿಯನ್ನು ಮುಟ್ಟಲೇ ಇಲ್ಲವಲ್ಲ, ಕೈ ಏಕೆ ತೊಳೆಯಬೇಕು ಎನಿಸುವುದು ಸಹಜ. ಆದರೆ ಆ ಮಂಚದ ಕಂಬಿಯನ್ನು ರೋಗಿಯ ಕೈ ದಿನವಿಡೀ ಹಿಡಿದಿರುತ್ತದೆ. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಲ್ಲಾದರೆ 20ರಿಂದ 30 ಸೆಕೆಂಡು ಬೇಕು ಎಂಬ ಅಳತೆಯೂ ಇದೆ. ಮೂವತ್ತು ಹಾಸಿಗೆಗಳ ವಾರ್ಡಿನಲ್ಲಿ ಇಬ್ಬರೇ ಸಿಸ್ಟರ್‌ಗಳಿದ್ದು, ಕೈ ತೊಳೆಯುವ ಬೇಸಿನ್ ವರಾಂಡದ ತುದಿಯಲ್ಲಿದ್ದರೆ ಈ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ. ಹೀಗಾಗಿ ಮಾನದಂಡವು ಕೈ ತೊಳೆಯುತ್ತೀರಾ ಎಂದು ಕೇಳಿ ಸುಮ್ಮನಾಗದೆ, ಕೆಲಸ ಮಾಡುವ ಜಾಗದಲ್ಲೇ ಬೇಸಿನ್ ಇದೆಯೇ, ನಲ್ಲಿಯನ್ನು ಮೊಣಕೈಯಿಂದ ತಿರುಗಿಸಬಹುದೇ, ಸೋಪು ಇದೆಯೇ, ಈಗ ನೀರು ಬರುತ್ತದೆಯೇ ಎಂದೂ ಕೇಳುತ್ತದೆ.

ಸಕ್ಕರೆ ಕಾಯಿಲೆಯಿದ್ದ ನನ್ನ ಚಿಕ್ಕಮ್ಮ ಒಂದು ಮಳೆಗಾಲದಲ್ಲಿ ಕಾಲಿನ ಗಾಯಕ್ಕೆಂದು ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇದ್ದರು, ಜೊತೆಗೆ ನಾನಿದ್ದೆ. ಮೊದಲ ದಿನಗಳಲ್ಲಿ ಡ್ರೆಸಿಂಗ್ ಮಾಡುತ್ತಿದ್ದ ಸಿಸ್ಟರ್ ಪ್ರತಿ ರೋಗಿಗೂ ಹೊಸ ಕೈಗವಸು ಹಾಕಿಕೊಳ್ಳುತ್ತಿದ್ದರು. ಆರನೆಯ ದಿನ ಬೆಳಿಗ್ಗೆ ಕೈಗವಸಿನ ಡಬ್ಬಿ ಖಾಲಿಯಾಗಿತ್ತು. ಆ ದಿನ ಮೂವರ ಗಾಯಗಳನ್ನು ಒಂದೇ ಜೊತೆ ಕೈಗವಸಿನಲ್ಲಿ, ನಡುನಡುವೆ ಸ್ಪಿರಿಟ್ ಹಚ್ಚಿ ಒರೆಸಿಕೊಂಡು, ಕಟ್ಟಲಾಯಿತು. ಕೇಳಿದಾಗ ಆ ಸಿಸ್ಟರ್ ಬೇಸರದಿಂದಲೇ ‘ಇಂಡೆಂಟ್ ಹಾಕಿದ್ದೀವಿ, ಸ್ಟಾಕ್ ಬಂದಿಲ್ಲ’ ಎಂದರು. ಅವರಿಗೆ ನಿಯಮ ಗೊತ್ತಿತ್ತು, ಮನಸ್ಸೂ ಇತ್ತು. ಕೈಗವಸು ಬದಲಾಯಿಸದಿದ್ದರೆ ಅದು ತೊಳೆಯದ ಕೈಗಿಂತ ಉತ್ತಮವಲ್ಲ. ಕೈ ಕೊಳೆಯಾಗಿದೆ ಎಂದು ಹಾಕಿಕೊಂಡವರಿಗೇ ಅನಿಸದಿರುವುದರಿಂದ ಒಂದು ರೀತಿಯಲ್ಲಿ ಇನ್ನೂ ಕೆಟ್ಟದ್ದು. ಸ್ವಚ್ಛತೆಯ ಮಾತು ಬಂದಾಗಲೆಲ್ಲ ಸಿಬ್ಬಂದಿಯ ಅಶಿಸ್ತನ್ನು ದೂರುವವರು ಉಗ್ರಾಣದ ಕಪಾಟನ್ನೂ ಒಮ್ಮೆ ತೆರೆದು ನೋಡಬೇಕು ಎಂದು ನನಗೆ ಅಂದಿನಿಂದ ಅನಿಸಿದೆ.

ಇನ್ನು ನೆಲದ ವಿಷಯ. ವಾರ್ಡುಗಳಲ್ಲಿ ಒಣ ಪೊರಕೆಯಿಂದ ಗುಡಿಸಬಾರದು ಎಂಬುದು ಮೊದಲ ನಿಯಮ, ಏಕೆಂದರೆ ನೆಲದಲ್ಲಿ ಕುಳಿತಿರುವ ಧೂಳು ಮತ್ತು ಅದರೊಡನಿರುವ ರೋಗಾಣುಗಳನ್ನು ಪೊರಕೆ ಎಬ್ಬಿಸಿ, ಮಂಚದ ಮೇಲೆ, ತೆರೆದ ಗಾಯದ ಮೇಲೆ ಕೂರಿಸುತ್ತದೆ. ಒದ್ದೆ ಮಾಪಿನಿಂದ ಒರೆಸಬೇಕು. ಹಾಗೆ ಒರೆಸುವಾಗ ಒಂದೇ ಬಕೆಟ್ ಇದ್ದರೆ ಏನಾಗುತ್ತದೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಮೂರನೆಯ ಸಲ ಅದ್ದುವಷ್ಟರಲ್ಲಿ ನೀರು ಕಪ್ಪಾಗಿ, ಅಲ್ಲಿಂದ ಮುಂದೆ ನಡೆಯುವುದು ಕೊಳೆಯನ್ನು ಇಡೀ ವಾರ್ಡಿಗೆ ಹದವಾಗಿ ಬಳಿಯುವ ಕೆಲಸ. ಇದನ್ನು ತಪ್ಪಿಸಲು ಮೂರು ಬಕೆಟ್‌ಗಳ ಪದ್ಧತಿ ಬಂದಿದೆ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಮಾಪು ಜಾಲಿಸಲು ಬರಿಯ ನೀರು, ಮೂರನೆಯದರಲ್ಲಿ ಸೋಂಕುನಿವಾರಕ ದ್ರಾವಣ.

ಸೋಪಿನ ನೀರು ಮೊದಲು ಬರುವುದಕ್ಕೆ ಗಟ್ಟಿಯಾದ ಕಾರಣವಿದೆ. ಕ್ಲೋರಿನ್ ದ್ರಾವಣವು ರೋಗಾಣು ಯಾವುದು, ಮಣ್ಣು ಯಾವುದು, ಒಣಗಿದ ರಕ್ತ ಯಾವುದು ಎಂದು ಭೇದ ಮಾಡುವುದಿಲ್ಲ. ಎದುರಿಗೆ ಸಿಕ್ಕ ಕೊಳೆಯೊಡನೆ ಪ್ರತಿಕ್ರಿಯಿಸಿ ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಕೊಳೆಯನ್ನು ಮೊದಲು ತೆಗೆದರೆ ಮಾತ್ರ ಉಳಿದ ರೋಗಾಣುಗಳ ಮೇಲೆ ಅದು ಕೆಲಸ ಮಾಡಬಲ್ಲದು. ಒರೆಸುವ ದಿಕ್ಕಿಗೂ ಲೆಕ್ಕವಿದೆ: ಶುದ್ಧವಾದ ಕಡೆಯಿಂದ ಕೊಳೆಯಾದ ಕಡೆಗೆ, ಒಳಮೂಲೆಯಿಂದ ಬಾಗಿಲಿನ ಕಡೆಗೆ, ಹಿಂದೆ ಮುಂದೆ ಎಳೆದಾಡದೆ ಒಂದೇ ಮುಖವಾಗಿ. ಶೌಚಾಲಯದ ಮಾಪು ವಾರ್ಡಿಗೆ ಬರಬಾರದು, ವಾರ್ಡಿನದು ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗಬಾರದು.

ಚಿಕ್ಕಮ್ಮನ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಈ ಕೆಲಸವನ್ನು ಮಾಡುತ್ತಿದ್ದ ಬಗೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಂಚದ ಕೆಳಗೆ ಬಗ್ಗಿ, ಗೋಡೆಯ ಅಂಚಿನಿಂದ ಮಾಪನ್ನು ತನ್ನ ಕಡೆಗೆ ಎಳೆಯುತ್ತ, ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಸರಿಯುತ್ತ ಬಾಗಿಲವರೆಗೆ ಬರುತ್ತಿದ್ದರು. ನಾನು ಕಾಫಿ ಫ್ಲಾಸ್ಕ್ ಹಿಡಿದು ಒಳಗೆ ಕಾಲಿಡಹೋದಾಗ ‘ಅಣ್ಣ, ಒಣಗೋವರೆಗೂ ಆ ಕಡೆನೇ ನಿಂತ್ಕೊಳ್ಳಿ, ನೀವು ತುಳಿದ್ರೆ ನಾನು ಮತ್ತೆ ಮೊದಲಿಂದ ಶುರು ಮಾಡಬೇಕು’ ಎಂದರು. ಅವರು ಹೇಳಿದ್ದು ಶುದ್ಧ ವಿಜ್ಞಾನವನ್ನೇ. ಸೋಂಕುನಿವಾರಕ ನೆಲದ ಮೇಲೆ ಒಂದಷ್ಟು ನಿಮಿಷ ಒದ್ದೆಯಾಗಿ ನಿಂತರೆ ಮಾತ್ರ ರೋಗಾಣು ಸಾಯುತ್ತದೆ; ಕೂಡಲೇ ಬಟ್ಟೆಯಿಂದ ಒಣಗಿಸಿದರೆ ಉಳಿಯುವುದು ವಾಸನೆ ಮಾತ್ರ.

ಬ್ಲೀಚಿಂಗ್ ಪುಡಿಯದು ಇನ್ನೊಂದು ಸೂಕ್ಷ್ಮ. ಒಳ್ಳೆಯ ಪುಡಿಯಲ್ಲಿ ಶೇಕಡ 30ರ ಆಸುಪಾಸು ಕ್ಲೋರಿನ್ ಇರುತ್ತದೆ. ಶೇಕಡ 1ರ ದ್ರಾವಣ ಬೇಕಾದರೆ ಲೀಟರ್ ನೀರಿಗೆ ಸುಮಾರು 33 ಗ್ರಾಂ ಪುಡಿ ಸಾಕು. ಆದರೆ ಮಲೆನಾಡಿನ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪುಡಿ ಗಂಟು ಕಟ್ಟಿ, ವಾರಗಳಲ್ಲೇ ಅದರ ಕ್ಲೋರಿನ್ ಗಾಳಿ ಪಾಲಾಗುತ್ತದೆ. ಪುಡಿಯ ಶಕ್ತಿ ಅರ್ಧಕ್ಕೆ ಇಳಿದಿದ್ದರೆ, ಅದೇ 33 ಗ್ರಾಂ ಹಾಕಿದಾಗ ಸಿಗುವುದು ಅರ್ಧ ಶಕ್ತಿಯ ದ್ರಾವಣ. ನೋಡಲು ಯಾವ ವ್ಯತ್ಯಾಸವೂ ಕಾಣದು. ಆದ್ದರಿಂದಲೇ ಮುಚ್ಚಳ ಬಿಗಿಯಾಗಿರುವ ಡಬ್ಬಿ, ಬಿಸಿಲು ಬೀಳದ ಜಾಗ ಮತ್ತು ಪ್ರತಿದಿನ ಹೊಸದಾಗಿ ಕಲಸಿದ ದ್ರಾವಣ ಬೇಕೆಂದು ಹೇಳುವುದು. ಶೌಚಾಲಯ ತೊಳೆಯುವ ಆಸಿಡ್ಡನ್ನು ಇದರೊಡನೆ ಎಂದಿಗೂ ಬೆರೆಸಬಾರದು. ಎರಡೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಆಸ್ಪತ್ರೆಯ ಕಸದ ಬಗ್ಗೆ ನಮ್ಮ ದೇಶದಲ್ಲಿ ಇರುವುದು ಸಲಹೆಯಲ್ಲ, ಕಾನೂನು. ಮೊದಲು 1998ರಲ್ಲಿ, ಅನಂತರ ಹೆಚ್ಚು ಬಿಗಿಯಾಗಿ 2016ರಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಅದರಂತೆ ಕಸ ನಾಲ್ಕು ಬಣ್ಣಗಳಾಗಿ ಬೇರಾಗಬೇಕು. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು, ಕತ್ತರಿಸಿ ತೆಗೆದ ಅಂಗಾಂಶ, ಹೆರಿಗೆಯ ಮಾಸು, ಅವಧಿ ಮೀರಿದ ಔಷಧಿ ಹಳದಿಗೆ ಹೋಗುತ್ತವೆ. ಇವುಗಳ ಗತಿ ಮುಖ್ಯವಾಗಿ ಸುಡುವುದು. ಡ್ರಿಪ್ ಕೊಳವೆ, ಮೂತ್ರದ ಚೀಲ, ಕೈಗವಸು, ಸೂಜಿ ತೆಗೆದ ಸಿರಿಂಜುಗಳಂಥ ಪ್ಲಾಸ್ಟಿಕ್ ಕೆಂಪಿಗೆ. ಇವನ್ನು ಹಬೆಯ ಒತ್ತಡದಲ್ಲಿ ಶುದ್ಧಗೊಳಿಸಿ, ಚೂರು ಮಾಡಿ ಮರುಬಳಕೆಗೆ ಕಳಿಸುತ್ತಾರೆ. ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಔಷಧಿಯ ಗಾಜಿನ ಸೀಸೆಗಳು ನೀಲಿ ಡಬ್ಬಿಗೆ.

ಬಣ್ಣ ಅದಲುಬದಲಾದರೆ ಏನು ಮಹಾ ಎನ್ನುವವರಿದ್ದಾರೆ. ಆಸ್ಪತ್ರೆಯಲ್ಲಿ ಹುಟ್ಟುವ ಕಸದಲ್ಲಿ ಸುಮಾರು ಶೇಕಡ 85 ಭಾಗ ಕಾಗದ, ಊಟದ ಎಂಜಲು, ಹಣ್ಣಿನ ಸಿಪ್ಪೆಯಂಥ ಸಾಮಾನ್ಯ ಕಸ. ಅಪಾಯಕಾರಿಯಾದದ್ದು ಶೇಕಡ 15ರಷ್ಟು ಮಾತ್ರ. ಆದರೆ ಒಂದು ರಕ್ತದ ಬ್ಯಾಂಡೇಜು ಬಾಳೆಹಣ್ಣಿನ ಸಿಪ್ಪೆಯ ಬುಟ್ಟಿಗೆ ಬಿದ್ದರೆ ಆ ಬುಟ್ಟಿಯಷ್ಟೂ ಅಪಾಯಕಾರಿ ಕಸವೇ ಆಗುತ್ತದೆ. ಸೂಜಿಯೊಂದು ಹಳದಿ ಚೀಲಕ್ಕೆ ಬಿದ್ದರೆ, ಆ ಚೀಲವನ್ನು ಎತ್ತುವವರ ಅಂಗೈಗೋ ತೊಡೆಗೋ ಚುಚ್ಚುತ್ತದೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 100ಕ್ಕೆ 30ರವರೆಗೂ ಇರಬಹುದು. ಎಚ್‌ಐವಿಯಾದರೆ 1000ಕ್ಕೆ ಸುಮಾರು 3. ಹೆಪಟೈಟಿಸ್ ಬಿಗೆ ಮೂರು ಡೋಸುಗಳ ಲಸಿಕೆ ಇದೆ, ಎಚ್‌ಐವಿಗೆ 72 ಗಂಟೆಯೊಳಗೆ ಶುರು ಮಾಡಬೇಕಾದ ತಡೆ ಔಷಧಿ ಇದೆ. ಕಸ ಎತ್ತುವ ಹೊರಗುತ್ತಿಗೆ ನೌಕರರಿಗೂ ಈ ಲಸಿಕೆ ಕೊಡಿಸಬೇಕೆಂದು ನಿಯಮವೇ ಹೇಳುತ್ತದೆ. ಯಾವುದೇ ಆಸ್ಪತ್ರೆಯ ಸ್ವಚ್ಛತೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ, ಅಲ್ಲಿನ ಸ್ವಚ್ಛತಾ ಸಿಬ್ಬಂದಿಗೆ ಮೂರೂ ಡೋಸು ಆಗಿದೆಯೇ ಎಂದು ನಾನು ಕೇಳುತ್ತೇನೆ.

ಬೇರ್ಪಡಿಸಿದ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಆಸ್ಪತ್ರೆ ತಾನೇ ಸುಡುವ ವ್ಯವಸ್ಥೆ ಮಾಡಿಕೊಳ್ಳುವಂತಿಲ್ಲ. ಘಟಕದ ವಾಹನಕ್ಕೇ ಕೊಡಬೇಕು. ಬಯಲುಸೀಮೆಯ ಕಡೂರು, ತರೀಕೆರೆಗಳಲ್ಲಿ ಇದು ಸರಳ ಲೆಕ್ಕ. ಆದರೆ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಭಾಗದಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿಹೋದಂಥ ದಿನಗಳಲ್ಲಿ 48 ಗಂಟೆ ಬಲುಬೇಗ ಕಳೆದುಹೋಗುತ್ತದೆ. ಅಂಥ ಹೊತ್ತಿನಲ್ಲಿ ತ್ಯಾಜ್ಯದಿಂದ ಜನರಿಗೆ, ಪರಿಸರಕ್ಕೆ ತೊಂದರೆಯಾಗದಂತೆ ಎಚ್ಚರ ವಹಿಸಿ, ಕಾರಣವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ನಾಯಿ, ಹಂದಿ ನುಗ್ಗದಂತೆ ಬೀಗ ಹಾಕಿದ, ಮಳೆನೀರು ಹೊಕ್ಕದ ಕೊಠಡಿಯೊಂದು ಆಸ್ಪತ್ರೆಯ ಹಿಂಬದಿಯಲ್ಲಿ ಇದೆಯೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ.

ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಕಷ್ಟಗಳಿರುವುದು ಬಟ್ಟೆಯ ವಿಷಯದಲ್ಲೂ ಎದ್ದು ಕಾಣುತ್ತದೆ. ರೋಗಿಯ ಹಾಸುಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಎಂಬುದು ರೂಢಿಯಲ್ಲಿರುವ ಅಳತೆ. ರಕ್ತ ತಾಗಿದ ಬಟ್ಟೆಯನ್ನು ವಾರ್ಡಿನ ನೆಲದ ಮೇಲೆ ಕೊಡವದೆ, ಎಣಿಸದೆ, ನೇರವಾಗಿ ಚೀಲಕ್ಕೆ ಹಾಕಿ ಕಳಿಸಬೇಕು. ಕಡೂರಿನ ಕಡೆ ಬೇಸಿಗೆಯಲ್ಲಿ ಇದಕ್ಕೆ ಬೇಕಾದ ನೀರೇ ಇಲ್ಲ. ಟ್ಯಾಂಕರ್ ಬಂದ ದಿನ ಒಗೆತ, ಬಾರದ ದಿನ ಅದೇ ಹಾಸು. ಶೃಂಗೇರಿ, ಕೊಪ್ಪದ ಕಡೆ ಮಳೆಗಾಲದಲ್ಲಿ ನೀರಿಗೆ ಬರವಿಲ್ಲ, ಬಿಸಿಲಿಗೆ ಬರ. ವಾರಗಟ್ಟಲೆ ಒಣಗದ ಬಟ್ಟೆ ಮುಗ್ಗಲು ವಾಸನೆ ಹಿಡಿದು ಬೂಷ್ಟು ಕಟ್ಟುತ್ತದೆ. ಒಣಗಿಸುವ ಯಂತ್ರ ಬೆಂಗಳೂರಿನ ಆಸ್ಪತ್ರೆಗೆ ಅನುಕೂಲವಾದರೆ, ಇಲ್ಲಿ ಅದು ಅಗತ್ಯ. ಗೋಡೆಗಳಿಗೂ ಇದೇ ಮಾತು: ತಾರಸಿ ಸೋರುತ್ತಿರುವಾಗ ಗೋಡೆಯ ಬೂಷ್ಟನ್ನು ಎಷ್ಟು ಉಜ್ಜಿದರೂ ಅದು ಮತ್ತೆ ಬರುತ್ತದೆ.

ಇಷ್ಟನ್ನೆಲ್ಲ ಅಳೆದು ಅಂಕ ಕೊಡುವ ವ್ಯವಸ್ಥೆ ಕೇಂದ್ರ ಆರೋಗ್ಯ ಸಚಿವಾಲಯ 2015ರ ಮೇ 15ರಂದು ಆರಂಭಿಸಿದ ಕಾಯಕಲ್ಪ. ಕಟ್ಟಡದ ನಿರ್ವಹಣೆ, ನೈರ್ಮಲ್ಯ, ತ್ಯಾಜ್ಯ ನಿರ್ವಹಣೆ, ಸೋಂಕು ನಿಯಂತ್ರಣ, ಅಡುಗೆ ಹಾಗೂ ಒಗೆತದಂಥ ಪೂರಕ ಸೇವೆಗಳು, ಸ್ವಚ್ಛತೆಯ ಅರಿವು ಎಂಬ ಆರು ವಿಷಯಗಳೊಡನೆ ಶುರುವಾದ ಇದಕ್ಕೆ ಆಸ್ಪತ್ರೆಯ ಕಾಂಪೌಂಡಿನ ಹೊರಗಿನ ಪರಿಸರವೂ ಅನಂತರ ಸೇರಿತು. ಪ್ರತಿಯೊಂದು ಅಂಶಕ್ಕೂ ಪೂರ್ಣ ಪಾಲನೆಗೆ 2, ಅರೆಬರೆ ಪಾಲನೆಗೆ 1, ಇಲ್ಲದಿದ್ದರೆ 0. ಮೊದಲು ಆಸ್ಪತ್ರೆಯವರೇ ತಮ್ಮನ್ನು ಅಳೆದುಕೊಳ್ಳುತ್ತಾರೆ, ಆಮೇಲೆ ನೆರೆಯ ಆಸ್ಪತ್ರೆಯ ತಂಡ, ಕೊನೆಗೆ ಹೊರಗಿನ ಪರೀಕ್ಷಕರು. ಶೇಕಡ 70 ದಾಟಿದರೆ ಪ್ರಶಸ್ತಿಗೆ ಅರ್ಹತೆ. ದೊಡ್ಡ ರಾಜ್ಯಗಳ ಅತ್ಯುತ್ತಮ ಜಿಲ್ಲಾ ಆಸ್ಪತ್ರೆಗೆ 50 ಲಕ್ಷ ರೂಪಾಯಿ, ಪ್ರತಿ ಜಿಲ್ಲೆಯ ಅತ್ಯುತ್ತಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2 ಲಕ್ಷ ರೂಪಾಯಿ ಎಂದು ಬಹುಮಾನ ನಿಗದಿಯಾಗಿತ್ತು. ಇದಕ್ಕಿಂತ ವಿಸ್ತಾರವಾದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಲ್ಲಿ ಎಂಟು ವಿಭಾಗಗಳಿದ್ದು, ಸೋಂಕು ನಿಯಂತ್ರಣ ಅದರಲ್ಲಿ ಒಂದು. ಹೆರಿಗೆ ಕೊಠಡಿಗಳಿಗೆಂದೇ 2017ರಲ್ಲಿ ಬಂದ ‘ಲಕ್ಷ್ಯ’ ಅದರ ಜೊತೆಗಿದೆ.

ಪರೀಕ್ಷಕರು ನಾಲ್ಕು ರೀತಿಯಲ್ಲಿ ನೋಡುತ್ತಾರೆ: ಕಣ್ಣಾರೆ ಕಾಣುವುದು, ಸಿಬ್ಬಂದಿಯನ್ನು ಮಾತನಾಡಿಸುವುದು, ದಾಖಲೆ ಪುಸ್ತಕ ತಿರುವುವುದು, ರೋಗಿಗಳನ್ನು ಕೇಳುವುದು. ಇವುಗಳಲ್ಲಿ ನಾನು ಹೆಚ್ಚು ನಂಬುವುದು ಎರಡನೆಯದನ್ನು. ಪರೀಕ್ಷೆಯ ದಿನ ನೆಲವನ್ನು ಹೊಳೆಯಿಸಬಹುದು, ಹಿಂದಿನ ರಾತ್ರಿ ಕುಳಿತು ಮೂರು ತಿಂಗಳ ದಾಖಲೆ ಪುಸ್ತಕಕ್ಕೆ ಸಹಿ ಹಾಕಬಹುದು. ಆದರೆ ಒರೆಸುವವರನ್ನು ಕರೆದು ರಕ್ತ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ಮೊದಲು ಕೈಗವಸು ಹಾಕಿಕೊಂಡು, ಕಾಗದ ಅಥವಾ ಬಟ್ಟೆ ಹಾಸಿ, ಅದರ ಮೇಲೆ ಶೇಕಡ 1ರ ದ್ರಾವಣ ಸುರಿದು, ಹತ್ತು ನಿಮಿಷ ಬಿಟ್ಟು, ಆಮೇಲೆ ಎತ್ತಿ ಹಳದಿ ಚೀಲಕ್ಕೆ ಹಾಕುತ್ತೇನೆ ಎಂಬ ಉತ್ತರ ಒಂದು ರಾತ್ರಿಯಲ್ಲಿ ಬಾಯಿಗೆ ಬರುವಂಥದ್ದಲ್ಲ. ಪ್ರಶಸ್ತಿ ಫಲಕದ ಮೇಲಿನ ವರ್ಷವನ್ನೂ ನೋಡಬೇಕು. ಆ ಅಂಕ ಆ ವರ್ಷದ ಆ ದಿನದ್ದು; ಗುತ್ತಿಗೆ ಬದಲಾಗಿ, ಕಲಿತ ಕೈಗಳು ಹೋಗಿ ಹೊಸಬರು ಬಂದರೆ ಎಲ್ಲವನ್ನೂ ಮತ್ತೆ ಕಲಿಸಬೇಕು. ತಿಂಗಳುಗಟ್ಟಲೆ ಸಂಬಳ ಬಾರದ ಕೈಗಳಿಂದ ಮೂರು ಬಕೆಟ್ಟಿನ ಶಿಸ್ತನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸಣ್ಣಪುಟ್ಟ ಖರ್ಚಿಗೆ ದಾರಿ ಇಲ್ಲದೆ ಇಲ್ಲ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಸ್ಥಳೀಯ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ಬಳಕೆದಾರರ ಶುಲ್ಕ, ಸರ್ಕಾರದ ಅನುದಾನ ಅಲ್ಲಿಗೆ ಬರುತ್ತವೆ. ಕೆಟ್ಟ ನಲ್ಲಿ, ಒಡೆದ ಬಕೆಟ್, ಮುಗಿದ ಕೈಗವಸಿನ ಡಬ್ಬಿಗೆ ಜಿಲ್ಲಾ ಕೇಂದ್ರದ ಕಡತ ಕಾಯಬೇಕಾಗಿಲ್ಲ. ಸಮಿತಿಯ ಸಭೆ ನಿಯಮಿತವಾಗಿ ನಡೆಯುತ್ತದೆಯೇ ಎಂದು ಕೇಳುವ ಹಕ್ಕು ಊರಿನ ಯಾರಿಗಾದರೂ ಇದೆ, ಮತ್ತು ಫಿನಾಯಿಲ್ ವಾಸನೆ ಬರುತ್ತಿಲ್ಲ ಎಂಬ ದೂರಿಗಿಂತ ಆ ಪ್ರಶ್ನೆಗೆ ಹೆಚ್ಚು ಬೆಲೆಯಿದೆ.

ಹನ್ನೊಂದನೆಯ ದಿನ ಚಿಕ್ಕಮ್ಮನನ್ನು ಮನೆಗೆ ಕಳಿಸಿದರು. ನಾನು ಔಷಧಿ ಚೀಟಿಗಾಗಿ ಕಾಯುತ್ತ ನಿಂತಿದ್ದಾಗ ಅದೇ ಹೆಂಗಸು ಬಂದು ಹಾಸನ್ನು ಸುತ್ತಿ, ಕೊಡವದೆ ಚೀಲಕ್ಕೆ ಹಾಕಿದರು. ರೆಕ್ಸಿನ್ ಹಾಸಿಗೆಯ ಮೇಲ್ಬದಿಯನ್ನು ಸೋಪಿನ ನೀರಿನಿಂದ ಒರೆಸಿ, ಆಮೇಲೆ ದ್ರಾವಣದಿಂದ ಒರೆಸಿ, ಮಗುಚಿ ಕೆಳಬದಿಯನ್ನೂ ಹಾಗೆಯೇ ಮಾಡಿದರು. ತಲೆಯ ಕಡೆಯ ಕಂಬಿ, ಕಾಲಿನ ಕಡೆಯ ಕಂಬಿ, ಡ್ರಿಪ್ ಸ್ಟ್ಯಾಂಡು, ಪಕ್ಕದ ಲಾಕರಿನ ಹಿಡಿಕೆ, ಎಲ್ಲವೂ ಆಯಿತು. ಬಾಗಿಲ ಬಳಿ ಬೆಂಚಿನ ಮೇಲೆ, ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಮುದುಕರು ಆ ಹಾಸಿಗೆಗಾಗಿ ಕಾಯುತ್ತಿದ್ದರು. ಅವರ ಮಗ ಎದ್ದು ಒಳಗೆ ಬಂದಾಗ ಆಕೆ ಮಾಪನ್ನು ಅಡ್ಡ ಹಿಡಿದು, ಇನ್ನೂ ಒದ್ದೆಯಾಗಿದ್ದ ರೆಕ್ಸಿನ್ ತೋರಿಸಿ, ಹತ್ತು ನಿಮಿಷ ಎಂದು ಎರಡೂ ಕೈಗಳ ಬೆರಳು ಬಿಡಿಸಿದರು.